ರೋಗವೆಷ್ಟು, ಚುಕ್ಕಿ ಎಷ್ಟು

ಚುಕ್ಕಿ ಮನೆಗೆ ಬಂದ ಮೊದಲ ರಾತ್ರಿ ನನ್ನ ನಿದ್ದೆ ಕೆಡಿಸಿದ್ದು ಅವಳ ಅಳುವಲ್ಲ, ಒಂದು ಸದ್ದು. ಸರಿಯಾಗಿ ಮುಚ್ಚದ ನಲ್ಲಿಯಿಂದ ಹನಿ ಬೀಳುವಂತೆ, ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ, ಟಕ್ ಟಕ್ ಎಂದು ಕತ್ತಲಲ್ಲಿ ಅದು ಕೇಳಿಬರುತ್ತಿತ್ತು. ಎದ್ದು ಅಡುಗೆಮನೆಯ ನಲ್ಲಿಯನ್ನೂ ಬಚ್ಚಲಿನ ನಲ್ಲಿಯನ್ನೂ ನೋಡಿ ಬಂದೆ. ಎರಡೂ ಬಿಗಿಯಾಗಿಯೇ ಇದ್ದವು. ಕೊನೆಗೆ ಮೊಬೈಲಿನ ಬೆಳಕು ಹಾಯಿಸಿದಾಗ ಸಂಗತಿ ತಿಳಿಯಿತು. ಹಾಸಿಗೆಯಿಂದ ಅರ್ಧ ಹೊರಗೆ ಜಾರಿ ಗಾಢ ನಿದ್ದೆಯಲ್ಲಿದ್ದ ಚುಕ್ಕಿಯ ಹಿಂದಿನ ಎಡಗಾಲು ತನ್ನಷ್ಟಕ್ಕೆ ತಾನೇ ಸೆಟೆದು ಸಡಿಲಾಗುತ್ತಿತ್ತು, ಪ್ರತಿ ಸಲವೂ ಅದರ ಉಗುರು ನೆಲಕ್ಕೆ ಬಡಿಯುತ್ತಿತ್ತು. ಹಗಲಿನಲ್ಲಿ ಆ ಕಾಲು ಅದುರುತ್ತದೆ ಎಂಬುದು ನನಗೆ ಗೊತ್ತಿತ್ತು, ನಾಯಿಗಳ ಆಶ್ರಯತಾಣದವರು ಅದನ್ನೇನೂ ಮುಚ್ಚಿಟ್ಟಿರಲಿಲ್ಲ. ಆದರೆ ನಿದ್ದೆ ಬಂದು ಮೈ ಸಡಿಲಾದ ಮೇಲೆ ಅದೂ ನಿಲ್ಲುತ್ತದೆ ಎಂದು ನಾನು ಹೇಗೋ ಭಾವಿಸಿಕೊಂಡಿದ್ದೆ. ಅವಳಿಗೆ ನೋವಾಗುತ್ತಿರಬಹುದೇ, ಎಬ್ಬಿಸಬೇಕೇ, ಆ ಹೊತ್ತಿನಲ್ಲಿ ವೈದ್ಯರಿಗೆ ಫೋನ್ ಮಾಡಬಹುದೇ ಎಂದು ಬೆಳಗಿನ ಜಾವದವರೆಗೂ ಯೋಚಿಸುತ್ತಾ ಕುಳಿತಿದ್ದೆ. ಅವಳು ಮಾತ್ರ ಗೊರಕೆ ಹೊಡೆಯುತ್ತಿದ್ದಳು.

ಕನ್ನಡದ ವ್ಯಾಕರಣದಂತೆ ನಾಯಿ ನಪುಂಸಕಲಿಂಗ, ‘ಅದು ಮಲಗಿತ್ತು’ ಎಂದೇ ಬರೆಯಬೇಕು. ಮೊದಲ ಮೂರು ದಿನ ನಾನೂ ಹಾಗೆಯೇ ಹೇಳುತ್ತಿದ್ದೆ, ನಾಲ್ಕನೆಯ ದಿನ ನಾಲಿಗೆ ಒಪ್ಪಲಿಲ್ಲ. ವ್ಯಾಕರಣದ ಬಗ್ಗೆ ನಿಷ್ಠೆಯುಳ್ಳ ಓದುಗರು ಮನ್ನಿಸಬೇಕು.

ಚುಕ್ಕಿಗೆ ಸುಮಾರು ಎರಡು ವರ್ಷ. ‘ಸುಮಾರು’ ಎನ್ನಲು ಕಾರಣವಿದೆ: ನಾಯಿಯ ವಯಸ್ಸನ್ನು ಅಂದಾಜು ಮಾಡಲು ನೋಡುವುದು ಹಲ್ಲನ್ನು, ಅವಳ ಹಲ್ಲುಗಳೋ ಕಂದು ಬಣ್ಣಕ್ಕೆ ತಿರುಗಿ, ಮೇಲ್ಮೈಯಲ್ಲಿ ಗುಳಿ ಬಿದ್ದು, ಮುದಿ ನಾಯಿಯ ಹಲ್ಲಿನಂತೆ ಕಾಣುತ್ತವೆ. ಆ ಗುಳಿಗಳೇ ಅವಳ ಇತಿಹಾಸ. ಹಾಲುಹಲ್ಲು ಉದುರಿ ಶಾಶ್ವತ ಹಲ್ಲು ಮೂಡುವ ಮೊದಲು, ವಸಡಿನೊಳಗೆ ಎನಾಮಲ್ ರೂಪುಗೊಳ್ಳುತ್ತಿರುವಾಗಲೇ ಮರಿಗೆ ಡಿಸ್ಟೆಂಪರ್ ಎಂಬ ವೈರಸ್ ರೋಗ ತಗುಲಿದರೆ ಹಲ್ಲಿನ ಹೊದಿಕೆ ಹೀಗೆ ಅರೆಬರೆಯಾಗಿ ಉಳಿದುಬಿಡುತ್ತದೆ. ಅಂದರೆ ಆರು ತಿಂಗಳು ತುಂಬುವುದರೊಳಗೆ ಅವಳು ಆ ಕಾಯಿಲೆಯನ್ನು ಹಾದು ಬಂದಿದ್ದಳು. ಜ್ವರ, ಮೂಗು ಮತ್ತು ಕಣ್ಣಿನಲ್ಲಿ ಕೀವು, ಭೇದಿ, ಎಲ್ಲವೂ ಆಗಿ ಹೋಗಿ, ಬದುಕಿ ಉಳಿದವಳ ನರಮಂಡಲದಲ್ಲಿ ವೈರಸ್ ತನ್ನ ಗುರುತನ್ನು ಬಿಟ್ಟು ಹೋಗಿತ್ತು. ಹಿಂಗಾಲಿನ ಆ ಲಯಬದ್ಧ ಸೆಳೆತಕ್ಕೆ ವೈದ್ಯರು ಮಯೋಕ್ಲೋನಸ್ ಎನ್ನುತ್ತಾರೆ. ಅದಲ್ಲದೆ ಹಿಂಭಾಗದ ನಡಿಗೆಯಲ್ಲಿ ತೂಗಾಟ, ತಿರುವಿನಲ್ಲಿ ಕಾಲು ಅಡ್ಡಬೀಳುವುದು, ಆಗಾಗ ಪಾದ ಮಗುಚಿ ಬೆರಳುಗಳ ಮೇಲ್ಭಾಗದಿಂದ ಹೆಜ್ಜೆ ಇಡುವುದು.

ಡಿಸ್ಟೆಂಪರ್ ಹೊಸ ರೋಗವೂ ಅಲ್ಲ, ತಡೆಯಲಾಗದ ರೋಗವೂ ಅಲ್ಲ. ಮನುಷ್ಯರ ದಡಾರದ ವೈರಸ್ಸಿಗೆ ಹತ್ತಿರದ ಬಂಧುವಾದ ವೈರಸ್ಸೊಂದು ಇದಕ್ಕೆ ಕಾರಣ. ಸೂಕ್ಷ್ಮ ಸೋಸುಕದಲ್ಲಿಯೂ ನಿಲ್ಲದ ರೋಗಾಣುವಿನಿಂದ ಇದು ಬರುತ್ತದೆಂದು ಫ್ರಾನ್ಸಿನ ಪಶುವೈದ್ಯ ಹೆನ್ರಿ ಕ್ಯಾರೆ 1905ರಲ್ಲಿಯೇ ತೋರಿಸಿದ್ದರು. 1920ರ ದಶಕದಲ್ಲಿ ಬ್ರಿಟನ್ನಿನ ವಿಜ್ಞಾನಿಗಳಾದ ಲೇಯ್ಡ್‌ಲಾ ಮತ್ತು ಡಂಕಿನ್ ಲಸಿಕೆಯನ್ನೂ ಸಿದ್ಧಪಡಿಸಿದರು. ಮರಿಯಾಗಿದ್ದಾಗ ಕೆಲವು ವಾರಗಳ ಅಂತರದಲ್ಲಿ ಕೊಡುವ ಲಸಿಕೆಗಳು ಸಿಕ್ಕಿದ್ದರೆ ಚುಕ್ಕಿಯ ಕಾಲು ಇಂದು ರಾತ್ರಿಯಿಡೀ ನೆಲ ಬಡಿಯುತ್ತಿರಲಿಲ್ಲ. ಈ ಯೋಚನೆ ಬಂದಾಗಲೆಲ್ಲ ಯಾರ ಮೇಲೆ ಎಂದು ತಿಳಿಯದ ಒಂದು ಸಿಟ್ಟು ಬರುತ್ತದೆ, ಅದನ್ನು ಇಲ್ಲಿಗೇ ಬಿಡುತ್ತೇನೆ.

ದತ್ತು ಪಡೆಯುವ ಮೊದಲು ಪಶುವೈದ್ಯರೊಬ್ಬರು ಅವಳನ್ನು ಪರೀಕ್ಷಿಸುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ನರದ ತೊಂದರೆಯಿರುವ ಪ್ರಾಣಿಯಲ್ಲಿ ವೈದ್ಯರು ಮೊದಲು ಕೇಳಿಕೊಳ್ಳುವ ಪ್ರಶ್ನೆ ‘ಯಾವ ರೋಗ’ ಎಂಬುದಲ್ಲ, ‘ಎಲ್ಲಿ ಕೆಟ್ಟಿದೆ’ ಎಂಬುದು. ಅವರು ಚುಕ್ಕಿಯನ್ನು ನಿಲ್ಲಿಸಿ, ಮೈಭಾರವನ್ನು ಒಂದು ಕೈಯಲ್ಲಿ ತಾಳಿ, ಪಾದವನ್ನು ಮೆಲ್ಲಗೆ ಮಗುಚಿ ನೆಲದ ಮೇಲಿಟ್ಟರು. ಮುಂಗಾಲುಗಳು ಕ್ಷಣದಲ್ಲಿ ನೆಟ್ಟಗಾದವು. ಹಿಂದಿನ ಬಲಗಾಲು ಸ್ವಲ್ಪ ತಡವರಿಸಿ ಸರಿಯಾಯಿತು, ಎಡಗಾಲು ಮಗುಚಿದಂತೆಯೇ ಉಳಿಯಿತು. ತನ್ನ ಪಾದ ಎಲ್ಲಿದೆ, ಹೇಗಿದೆ ಎಂಬ ಸುದ್ದಿ ಬೆನ್ನುಹುರಿಯ ಮೂಲಕ ಮೆದುಳಿಗೆ ತಲುಪಿ ಮರಳುವ ದಾರಿ ಅಲ್ಲೆಲ್ಲೋ ಕಡಿದಿತ್ತು. ಆಮೇಲೆ ಗಾಳಿ ತಾಗದಂತೆ ಕಣ್ಣಿನತ್ತ ಕೈ ತಂದರು, ಅವಳು ಕಣ್ಣು ಮಿಟುಕಿಸಿದಳು. ದೀಪ ಹಾಯಿಸಿದರು, ಪಾಪೆಗಳು ಕುಗ್ಗಿದವು. ದೃಷ್ಟಿ ಚೆನ್ನಾಗಿದೆ ಎಂದರು. ಈ ಮಾತನ್ನು ನಾನು ಸರಿಯಾಗಿ ನೆನಪಿಟ್ಟುಕೊಂಡಿದ್ದರೆ ಮುಂದೆ ಒಂದು ವಾರದ ಮರಗೆಲಸ ಉಳಿಯುತ್ತಿತ್ತು.

ಹಿನ್ನೆಲೆ ತಿಳಿಯದ ನಾಯಿಯಲ್ಲಿ ನರದ ಲಕ್ಷಣಗಳು ಹೊಸದಾಗಿ ಕಂಡಾಗ ಮೊದಲು ಅನುಮಾನಿಸಬೇಕಾದದ್ದು ರೇಬೀಸ್. ಅಂಥ ನಾಯಿಯನ್ನು ಕನಿಕರದಿಂದ ಎತ್ತಿಕೊಂಡು ಮನೆಗೆ ತರುವುದು ಅಪಾಯದ ಕೆಲಸ. ಚುಕ್ಕಿ ಆಶ್ರಯತಾಣದಲ್ಲಿ ಏಳು ತಿಂಗಳಿಂದ ಇದೇ ಲಕ್ಷಣಗಳೊಂದಿಗೆ ಇದ್ದಳು. ರೇಬೀಸ್‌ನ ಲಕ್ಷಣ ಕಾಣಿಸಿಕೊಂಡ ನಾಯಿ ಕೆಲವೇ ದಿನಗಳಲ್ಲಿ ಸಾಯುತ್ತದಾದ್ದರಿಂದ ಆ ಅನುಮಾನಕ್ಕೆ ಎಡೆಯಿರಲಿಲ್ಲ. ಎಂಆರ್‌ಐ ಮಾಡಿಸಬೇಕೇ ಎಂದು ಕೇಳಿದಾಗ, ಅದಕ್ಕೆ ಪೂರ್ಣ ಅರಿವಳಿಕೆ ಬೇಕು, ಅದರಿಂದ ಚಿಕಿತ್ಸೆ ಬದಲಾಗುವ ಸಾಧ್ಯತೆ ಕಡಿಮೆ ಎಂದರು. ನಾನು ಬೇಡವೆಂದೆ. ಗೊತ್ತಿರುವ ಕಾರಣಕ್ಕೆ ಚಿತ್ರವೊಂದನ್ನು ಸೇರಿಸುವುದಕ್ಕಿಂತ ಆ ಶ್ರಮ ನಮ್ಮ ಮನೆಯ ನೆಲದ ಮೇಲೆ ಖರ್ಚಾಗಲಿ ಎನಿಸಿತು.

ನೆಲವೇ ನಮ್ಮ ಮೊದಲ ಪಾಠವಾಯಿತು. ಮನೆಯೊಳಗಿನ ನುಣುಪು ಹಾಸಿನ ಮೇಲೆ ಅವಳನ್ನು ಇಳಿಸಿದೊಡನೆ ನಾಲ್ಕೂ ಕಾಲುಗಳು ನಾಲ್ಕು ದಿಕ್ಕಿಗೆ ಜಾರಿದವು. ಆರೋಗ್ಯವಂತ ನಾಯಿ ಜಾರಿದರೆ ಸ್ನಾಯುಗಳು ತಕ್ಷಣ ಬಿಗಿದು ಮೈಯನ್ನು ಹಿಡಿಯುತ್ತವೆ. ಪಾದದ ಸುದ್ದಿಯೇ ತಡವಾಗಿ ಬರುವ ನಾಯಿಗೆ ಜಾರುತ್ತಿದ್ದೇನೆ ಎಂಬುದು ತಿಳಿಯುವ ಹೊತ್ತಿಗೆ ಎದೆ ನೆಲ ಮುಟ್ಟಿರುತ್ತದೆ. ತೆಳುವಾದ ಬಟ್ಟೆಯ ಹಾಸುಗಳನ್ನು ಹರಡಿದೆ, ಅವು ಅವಳೊಂದಿಗೇ ಜಾರಿದವು. ದಪ್ಪ ಜಮಖಾನದ ರೋಮಗಳಲ್ಲಿ ಉಗುರು ಸಿಕ್ಕಿಕೊಂಡಿತು. ಕೊನೆಗೆ ನಿಂತದ್ದು, ಅಡಿಯಲ್ಲಿ ಹಿಡಿತವಿರುವ, ಒಂದಕ್ಕೊಂದು ಹಲ್ಲುಗಳಿಂದ ಜೋಡಿಸಬಹುದಾದ ರಬ್ಬರ್ ಚಾಪೆಗಳು. ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹಿಂಬಾಗಿಲಿಗೆ ಒಂದು ರಸ್ತೆಯನ್ನೇ ಹಾಸಿದೆವು. ನಡುವೆ ಒಂದು ಗೇಣು ಖಾಲಿ ಬಿಟ್ಟರೂ ಅವಳು ಅಲ್ಲಿ ನಿಂತು, ಹೊಳೆಯ ದಡದಲ್ಲಿ ನಿಂತವರಂತೆ ಆಚೆಯ ಚಾಪೆಯನ್ನು ನೋಡುತ್ತಿದ್ದಳು. ಮೆಟ್ಟಿಲ ಬುಡಕ್ಕೆ ಮಕ್ಕಳಿಗೆ ಹಾಕುವಂಥ ಅಡ್ಡಗೇಟು, ಕೊರಳಪಟ್ಟಿಯ ಬದಲು ಎದೆಗೂ ಸೊಂಟಕ್ಕೂ ಆಧಾರ ಕೊಡುವ ಹಾರ್ನೆಸ್, ಮಗುಚದಂತೆ ಅಗಲ ತಳವಿರುವ, ಸ್ವಲ್ಪ ಎತ್ತರಿಸಿದ ಬಟ್ಟಲುಗಳು: ಇವಿಷ್ಟು ಉಪಯೋಗಕ್ಕೆ ಬಂದವು. ಪಾದ ಸವೆಯದಿರಲೆಂದು ತಂದ ಪುಟ್ಟ ಬೂಟುಗಳು ಬರಲಿಲ್ಲ. ಅವನ್ನು ತೊಡಿಸಿದರೆ ಅವಳು ನಡೆಯುವುದನ್ನೇ ಮರೆತವಳಂತೆ ನಿಂತುಬಿಡುತ್ತಿದ್ದಳು. ನೆಲದಿಂದ ಬರುವ ಅಲ್ಪಸ್ವಲ್ಪ ಸುದ್ದಿಯನ್ನೂ ನಾನು ಮುಚ್ಚಿಹಾಕುತ್ತಿದ್ದೆ ಎಂದು ಆಮೇಲೆ ಹೊಳೆಯಿತು.

ಎರಡನೆಯ ವಾರದ ಹೊತ್ತಿಗೆ ಒಂದು ಹೊಸ ತೊಡಕು ಎದುರಾಯಿತು. ಚುಕ್ಕಿ ಹಿಂಬಾಗಿಲಿನ ಹೊಸ್ತಿಲು ದಾಟುವುದಿಲ್ಲ ಎಂದಳು. ಚಾಪೆಯ ರಸ್ತೆಯಲ್ಲಿ ಅಲ್ಲಿಯವರೆಗೂ ಬಂದು, ಹೊಸ್ತಿಲಿಗೆ ಎರಡು ಅಡಿ ಇರುವಾಗ ಕಿವಿ ಹಿಂದಕ್ಕೆ ಮಾಡಿ, ಮೈ ತಗ್ಗಿಸಿ ನಿಲ್ಲುತ್ತಿದ್ದಳು. ಕಾಲಿನ ಅದುರು ಜೋರಾಗುತ್ತಿತ್ತು. ನನಗೆ ಎಲ್ಲದಕ್ಕೂ ನರವೇ ಕಾರಣವಾಗಿ ಕಾಣುತ್ತಿದ್ದ ಕಾಲ ಅದು. ಎತ್ತರ ಅಂದಾಜಾಗುತ್ತಿಲ್ಲವೇನೋ, ಬೆಳಕಿನಿಂದ ನೆರಳಿಗೆ ಹೋಗುವಾಗ ಕಣ್ಣು ಹೊಂದಿಕೊಳ್ಳುತ್ತಿಲ್ಲವೇನೋ ಎಂದೆಲ್ಲ ಊಹಿಸಿ, ಹಲಗೆ ಕೊಯ್ದು ಹೊಸ್ತಿಲ ಎರಡೂ ಬದಿಗೆ ಇಳಿಜಾರು ಮಾಡಿದೆ. ಅದರ ಅಂಚನ್ನು ಉಜ್ಜಿ ನಯ ಮಾಡಿ, ಮತ್ತೆ ನಯವಾಯಿತೆಂದು ಮೇಲೆ ರಬ್ಬರ್ ಅಂಟಿಸಿದೆ. ಅವಳು ಇಳಿಜಾರಿನತ್ತ ನೋಡಲೂ ಇಲ್ಲ.

ರಾತ್ರಿ ಅವಳು ಏನು ಮಾಡುತ್ತಾಳೆಂದು ನೋಡಲು ಹಳೆಯ ಮೊಬೈಲೊಂದನ್ನು ಕಪಾಟಿನ ಮೇಲೆ ಇಟ್ಟು ಚಿತ್ರೀಕರಿಸಿದೆವು. ಹಿಂಬಾಗಿಲ ಆಚೆಗಿನ ಜಗುಲಿಗೆ ಜಾಲರಿ ಇರುವುದರಿಂದ ಸೆಕೆಯ ರಾತ್ರಿಗಳಲ್ಲಿ ಬಾಗಿಲು ತೆರೆದಿರುತ್ತದೆ. ಎರಡು ಗಂಟೆಯ ಸುಮಾರಿಗೆ ಚುಕ್ಕಿ ಎದ್ದು, ತೂಗಾಡುತ್ತಾ ಬಂದು, ಎಡಗಾಲನ್ನು ಅಗತ್ಯಕ್ಕಿಂತ ಎತ್ತರ ಎತ್ತಿ, ಹೊಸ್ತಿಲನ್ನು ಸಲೀಸಾಗಿ ದಾಟಿ ಹೋಗಿ ನೀರು ಕುಡಿದು ಮರಳಿದಳು. ಅದೂ ಕತ್ತಲಲ್ಲಿ! ಮರುದಿನ ಚಿತ್ರವನ್ನು ಮತ್ತೆ ನೋಡುತ್ತಿದ್ದಾಗ ಮಗಳು, “ಅಪ್ಪಾ, ಆ ಕೋಲು ಇಲ್ಲ ನೋಡಿ” ಎಂದಳು. ನೆಲ ಒರೆಸುವ ಉದ್ದ ಕೋಲಿನ ಮಾಪ್ ಹಗಲೆಲ್ಲ ಆ ಬಾಗಿಲ ಪಕ್ಕಕ್ಕೇ ಒರಗಿರುತ್ತಿತ್ತು, ರಾತ್ರಿ ಒಣಗಲೆಂದು ಬಚ್ಚಲಿಗೆ ಹೋಗುತ್ತಿತ್ತು. ಮಾಪ್‌ನ ಜಾಗ ಬದಲಿಸಿದ ಮರುದಿನವೇ ಚುಕ್ಕಿ ಹೊಸ್ತಿಲು ದಾಟಿದಳು. ಯಾವ ಕೋಲು, ಯಾರ ಕೈಯಲ್ಲಿ, ಎಂದು ಏನು ಮಾಡಿತ್ತೋ ನಮಗೆ ತಿಳಿಯುವ ದಾರಿಯಿಲ್ಲ. ನರಕ್ಕೂ ಅದಕ್ಕೂ ಸಂಬಂಧವಿರಲಿಲ್ಲ, ಅದು ಬರಿಯ ಭಯ. ಭಯಕ್ಕೆ ಅದುರು ಜೋರಾಗುತ್ತಿತ್ತೇ ಹೊರತು ಅದುರಿನಿಂದ ಭಯ ಬಂದಿರಲಿಲ್ಲ. ನಾನು ಮಾಡಿದ ಇಳಿಜಾರು ಈಗ ಗಿಡದ ಕುಂಡಗಳಿಗೆ ಮಣೆಯಾಗಿದೆ.

ಆ ದಿನದಿಂದ ನನ್ನ ನಿಜವಾದ ಕೆಲಸ ಯಾವುದು ಎಂಬುದು ಅರ್ಥವಾಗತೊಡಗಿತು. ಬೇರೆ ಯಾವುದೇ ನಾಯಿಯನ್ನು ಮನೆಗೆ ತಂದರೂ ಅದರ ಸ್ವಭಾವ ತಿಳಿಯಲು ಸಮಯ ಹಿಡಿಯುತ್ತದೆ. ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕವನ್ನು ನಾಯಿ ಸಾಕುವವರು ಹೇಳುವುದುಂಟು. ಚುಕ್ಕಿಯಂಥವಳ ವಿಷಯದಲ್ಲಿ ಆ ಲೆಕ್ಕ ನಡೆಯುವುದಿಲ್ಲ, ಏಕೆಂದರೆ ಅವಳ ಪ್ರತಿಯೊಂದು ಚಲನೆಯ ಹಿಂದೆಯೂ ನಾಲ್ಕು ಕಾರಣಗಳು ಸಾಲು ನಿಂತಿರುತ್ತವೆ: ರೋಗ, ಔಷಧ, ಭಯ, ಮತ್ತು ಅವಳೇ. ವೈದ್ಯರಿಗೆ ಇದನ್ನು ಹೇಳಿದಾಗ ಅವರು, “ಒಂದು ಪುಸ್ತಕ ಇಡಿ. ಕಂಡದ್ದನ್ನು ಬರೆಯಿರಿ, ಅಂದುಕೊಂಡದ್ದನ್ನು ಬೇರೆಯಾಗಿ ಬರೆಯಿರಿ” ಎಂದರು. ನಾವು ಕಂಡದ್ದನ್ನು ಪೆನ್ನಿನಲ್ಲಿಯೂ ಅಂದುಕೊಂಡದ್ದನ್ನು ಪೆನ್ಸಿಲಿನಲ್ಲಿಯೂ ಬರೆಯತೊಡಗಿದೆವು. ಪೆನ್ಸಿಲಿನ ಕಾಲಮ್ಮಿನಲ್ಲಿ ಅಳಿಸಿದ ಗುರುತುಗಳು ಎಷ್ಟಿವೆಯೆಂದರೆ ಕೆಲವು ಪುಟಗಳಲ್ಲಿ ಕಾಗದವೇ ತೆಳುವಾಗಿದೆ.

ಮೂರನೆಯ ವಾರದ ಒಂದು ಸಂಜೆ ಚುಕ್ಕಿ ಹಾಸಿಗೆಯ ಮೇಲೆ ಕುಳಿತು ಏನನ್ನೋ ಅಗಿಯುತ್ತಿದ್ದಳು. ದವಡೆ ಬೇಗ ಬೇಗ ಆಡುತ್ತಿತ್ತು, ಬಾಯಂಚಿನಲ್ಲಿ ನೊರೆ. ಮಗಳ ರಬ್ಬರನ್ನೋ ಪೆನ್ನಿನ ಮುಚ್ಚಳವನ್ನೋ ಕಚ್ಚಿಕೊಂಡಿರಬೇಕೆಂದು ನಾನು ಬಾಯಿ ಬಿಡಿಸಲು ಕೈ ಚಾಚಿದೆ. ಹೆಸರು ಹಿಡಿದು ಕರೆದಾಗ ಅವಳ ಕಿವಿಯೂ ಅಲುಗದಿದ್ದುದನ್ನು ನೋಡಿ ಕೈ ಅರ್ಧಕ್ಕೆ ನಿಂತಿತು. ಅವಳು ನನ್ನನ್ನು ನೋಡುತ್ತಿದ್ದಳು, ಆದರೆ ನಾನು ಅವಳಿಗೆ ಕಾಣುತ್ತಿರಲಿಲ್ಲ. ಅರ್ಧ ನಿಮಿಷದಲ್ಲಿ ಎಲ್ಲವೂ ನಿಂತು, ನಾಲಿಗೆಯಿಂದ ಮೂಗು ನೆಕ್ಕಿಕೊಂಡು, ಬಾಲ ಅಲ್ಲಾಡಿಸಿದಳು. ಬಾಯಿಯಲ್ಲಿ ಏನೂ ಇರಲಿಲ್ಲ. ಪುಸ್ತಕದಲ್ಲಿ ‘ಏನನ್ನೋ ತಿಂದಳು?’ ಎಂದು ಪೆನ್ಸಿಲಿನಲ್ಲಿ ಬರೆದೆ. ಎರಡು ದಿನಗಳ ನಂತರ ಮತ್ತೆ ಹಾಗೆಯೇ ಆದಾಗ ಚಿತ್ರೀಕರಿಸಿ ವೈದ್ಯರಿಗೆ ಕಳುಹಿಸಿದೆ. ಅದು ಮೆದುಳಿನ ಒಂದು ಭಾಗದಲ್ಲಿ ಏಳುವ ಮೂರ್ಛೆ. ಡಿಸ್ಟೆಂಪರ್‌ನಿಂದ ಉಳಿದ ನಾಯಿಗಳಲ್ಲಿ ಅದು ಹೀಗೆ ದವಡೆಯಲ್ಲಿ ಕಾಣಿಸಿಕೊಳ್ಳುವುದು ಎಷ್ಟು ಪರಿಚಿತವೆಂದರೆ, ವೈದ್ಯರ ನಡುವೆ ಅದಕ್ಕೆ ‘ಚೂಯಿಂಗ್ ಗಮ್ ಫಿಟ್ಸ್’ ಎಂಬ ಹೆಸರೇ ಇದೆ. ಮಾಪ್‌ನ ಪ್ರಕರಣದಲ್ಲಿ ಭಯವನ್ನು ರೋಗವೆಂದುಕೊಂಡಿದ್ದ ನಾನು ಇಲ್ಲಿ ರೋಗವನ್ನು ತುಂಟತನವೆಂದುಕೊಂಡಿದ್ದೆ. ಗುರುತಿಸುವುದಕ್ಕೆ ವೈದ್ಯರು ಹೇಳಿಕೊಟ್ಟ ಪರೀಕ್ಷೆ ಸರಳವಾಗಿದೆ: ಕರೆಯಿರಿ, ಚಪ್ಪಾಳೆ ತಟ್ಟಿ, ಇಷ್ಟದ ಆಟಿಕೆಯನ್ನು ತೋರಿಸಿ. ನಾಯಿ ತಾನಾಗಿ ಮಾಡುತ್ತಿರುವ ಕೆಲಸವನ್ನು ತಡೆಯಬಹುದು, ಮೂರ್ಛೆಯನ್ನು ತಡೆಯಲಾಗದು.

ಇಡೀ ಮೈಯ ಮೂರ್ಛೆ ಬಂದದ್ದು ಅದರ ಮುಂದಿನ ವಾರ, ನಸುಕಿನಲ್ಲಿ. ಅಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಬಹಳ ಕಡಿಮೆ, ಮಾಡಬಾರದ್ದು ಹೆಚ್ಚು. ಬಾಯಿಗೆ ಕೈಯನ್ನಾಗಲಿ ಚಮಚವನ್ನಾಗಲಿ ಹಾಕಬಾರದು. ನಾಯಿ ನಾಲಿಗೆಯನ್ನು ನುಂಗಿಬಿಡುತ್ತದೆ ಎಂಬುದು ಸುಳ್ಳು, ಕೈಯನ್ನು ಕಚ್ಚುವುದು ನಿಜ. ಒತ್ತಿ ಹಿಡಿಯಬಾರದು, ನೀರು ಕುಡಿಸಬಾರದು. ತಲೆಗೆ ತಾಗುವಂಥದ್ದನ್ನು ದೂರ ಸರಿಸಿ, ದೀಪ ತಗ್ಗಿಸಿ, ಸದ್ದು ಮಾಡದೆ ಗಡಿಯಾರ ನೋಡಬೇಕು. ಗಡಿಯಾರ ಏಕೆಂದರೆ, ಐದು ನಿಮಿಷ ಮೀರಿದ ಮೂರ್ಛೆ ತಾನಾಗಿ ನಿಲ್ಲುವ ಭರವಸೆಯಿಲ್ಲ. ಮೈಯ ಶಾಖ ಏರಿ ಮೆದುಳಿಗೆ ಹೊಸದಾಗಿ ಹಾನಿಯಾಗತೊಡಗುತ್ತದೆ, ಅದು ತುರ್ತಾಗಿ ಆಸ್ಪತ್ರೆಗೆ ಹೊರಡಬೇಕಾದ ಸ್ಥಿತಿ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಎರಡು ಅಥವಾ ಹೆಚ್ಚು ಮೂರ್ಛೆಗಳಾದರೂ ಹಾಗೆಯೇ. ಇವೆಲ್ಲ ನನಗೆ ಬಾಯಿಪಾಠವಾಗಿದ್ದವು. ಆದರೂ ಅವಳ ಕಾಲುಗಳು ಗಾಳಿಯಲ್ಲಿ ಓಡುತ್ತಿದ್ದಾಗ, ಮೂತ್ರ ಹರಿದು ಚಾಪೆಯ ಹಲ್ಲುಗಳ ನಡುವೆ ಇಳಿಯುತ್ತಿದ್ದಾಗ, ಹತ್ತು ನಿಮಿಷಗಳಾದವೆಂದೇ ನಾನು ಪ್ರಮಾಣ ಮಾಡುತ್ತಿದ್ದೆ. ನನ್ನ ಹೆಂಡತಿ ಹಿಡಿದಿದ್ದ ಗಡಿಯಾರದಲ್ಲಿ ಒಂದು ನಿಮಿಷ ನಲವತ್ತು ಸೆಕೆಂಡು.

ಮೂರ್ಛೆಗಿಂತ ನನ್ನನ್ನು ಕಂಗೆಡಿಸಿದ್ದು ಅದರ ನಂತರದ ಮುಕ್ಕಾಲು ಗಂಟೆ. ಚುಕ್ಕಿ ಎದ್ದಳು, ಗೋಡೆಗೆ ಮುಖ ಕೊಟ್ಟು ನಡೆದಳು, ಮೂಲೆಗೆ ಸಿಕ್ಕಿಕೊಂಡು ಅಲ್ಲಿಯೇ ಹೆಜ್ಜೆ ಹಾಕುತ್ತಾ ನಿಂತಳು. ಕಣ್ಣೆದುರು ಕೈ ಆಡಿಸಿದರೆ ಮಿಟುಕಿಸಲಿಲ್ಲ. ನನ್ನ ವಾಸನೆಯನ್ನು ಮೂಸಿ ಹಿಂದೆ ಸರಿದಳು. ನಾಲ್ಕು ವಾರಗಳಲ್ಲಿ ಕಷ್ಟಪಟ್ಟು ಗಳಿಸಿದ್ದೆಲ್ಲ ಅಳಿಸಿಹೋಯಿತೆಂದು ಆಗ ಅನಿಸಿತು. ಅದು ಮೂರ್ಛೆಯ ನಂತರದ ಮಂಕು, ತಾತ್ಕಾಲಿಕ ಕುರುಡು ಕೂಡ ಅದರ ಭಾಗ, ಕೆಲವು ನಾಯಿಗಳಲ್ಲಿ ಇಡೀ ದಿನವೂ ಇರಬಹುದು. ಬೆಳಗಾಗುವ ಹೊತ್ತಿಗೆ ವಿಪರೀತ ಹಸಿವಿನಿಂದ ಬಟ್ಟಲನ್ನು ಚಾಪೆಯ ರಸ್ತೆಯುದ್ದಕ್ಕೂ ತಳ್ಳಿಕೊಂಡು ನನ್ನ ಕಾಲ ಬಳಿಗೇ ತಂದಳು.

ಅಂದಿನಿಂದ ಫಿನೋಬಾರ್ಬಿಟೋನ್ ಆರಂಭವಾಯಿತು, ಹನ್ನೆರಡು ಗಂಟೆಗೊಮ್ಮೆ, ಬೆಳಿಗ್ಗೆ ಏಳು ಮತ್ತು ಸಂಜೆ ಏಳು. ಮನುಷ್ಯರ ಅಪಸ್ಮಾರಕ್ಕೆ 1912ರಿಂದಲೂ ಬಳಕೆಯಲ್ಲಿರುವ ಮಾತ್ರೆ ಇದು. ರಕ್ತದಲ್ಲಿ ಅದರ ಮಟ್ಟ ಸ್ಥಿರವಾಗಲು ಎರಡರಿಂದ ಮೂರು ವಾರ ಬೇಕು, ಒಮ್ಮೆ ಆರಂಭಿಸಿದರೆ ಥಟ್ಟನೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಅದೇ ಮೂರ್ಛೆಯನ್ನು ಕರೆಯುತ್ತದೆ. ಆದ್ದರಿಂದ ನಮ್ಮ ಮನೆಯಲ್ಲಿ ಈಗ ಯಾರೂ ಏಳು ಗಂಟೆಗೆ ಹೊರಗಿರುವುದಿಲ್ಲ. ಗುದದ್ವಾರದ ಮೂಲಕ ಕೊಡುವ ಡಯಾಜೆಪಾಮ್ ಅನ್ನು ತುರ್ತಿಗೆಂದು ಕಪಾಟಿನಲ್ಲಿ ಇಟ್ಟಿದ್ದೇವೆ, ಎಷ್ಟು ಮತ್ತು ಯಾವಾಗ ಎಂಬುದನ್ನು ವೈದ್ಯರು ಬರೆದುಕೊಟ್ಟ ಚೀಟಿ ಅದಕ್ಕೇ ಅಂಟಿಕೊಂಡಿದೆ. ಚಿಗಟ ಮತ್ತು ಉಣ್ಣೆಗೆ ಕೊಡುವ ಮಾತ್ರೆಯನ್ನೂ ಅವರು ಬದಲಿಸಿದರು. ಐಸಾಕ್ಸಜೋಲಿನ್ ಎಂಬ ಗುಂಪಿನ ಆ ಮಾತ್ರೆಗಳಿಂದ ಕೆಲವು ನಾಯಿಗಳಲ್ಲಿ ಸೆಳೆತ, ಮೂರ್ಛೆ ಕಾಣಿಸಿಕೊಳ್ಳಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿತ್ತು. ಮೂರ್ಛೆಯಿರುವ ನಾಯಿಯನ್ನು ತರುವವರು ಈ ಒಂದು ಪ್ರಶ್ನೆಯನ್ನು ಮೊದಲ ಭೇಟಿಯಲ್ಲೇ ಕೇಳುವುದು ಒಳ್ಳೆಯದು.

ಔಷಧ ಆರಂಭವಾದ ಹತ್ತು ದಿನಗಳು ಇಡೀ ಅವಧಿಯಲ್ಲೇ ಕಷ್ಟದವು. ಅಷ್ಟರಲ್ಲಿ ಒಂದಿಷ್ಟು ನೇರವಾಗಿದ್ದ ನಡಿಗೆ ಮತ್ತೆ ಹದಗೆಟ್ಟಿತು, ಚುಕ್ಕಿ ಮೂರು ಹೆಜ್ಜೆಗೊಮ್ಮೆ ಕೂರುತ್ತಿದ್ದಳು. ಸದಾ ಬಾಯಾರಿಕೆ, ಸದಾ ಹಸಿವು, ಹೊರಗೆ ಮೂತ್ರ ಮಾಡುವ ಅಭ್ಯಾಸ ಆಗತಾನೇ ಕೂಡಿಬಂದಿದ್ದವಳು ಮನೆಯೊಳಗೆ ದಿನಕ್ಕೆ ನಾಲ್ಕೈದು ಕಡೆ ಕೆರೆ ಕಟ್ಟುತ್ತಿದ್ದಳು. ರೋಗ ಮುಂದುವರಿಯುತ್ತಿದೆಯೇ, ಔಷಧದ ಪರಿಣಾಮವೇ, ಅಥವಾ ನಮ್ಮ ಕಲಿಸುವಿಕೆಯೇ ಸರಿಯಿಲ್ಲವೇ? ಪುಸ್ತಕ ಇಲ್ಲಿ ತನ್ನ ಬೆಲೆಯನ್ನು ತೋರಿಸಿತು. ಪೆನ್ನಿನ ಕಾಲಮ್ಮಿನ ಗಂಟೆಗಳನ್ನು ಜೋಡಿಸಿ ನೋಡಿದಾಗ, ತೂಗಾಟ ಮಾತ್ರೆ ನುಂಗಿದ ಕೆಲವು ಗಂಟೆಗಳಲ್ಲಿ ಏರಿ, ಮುಂದಿನ ಮಾತ್ರೆಯ ಹೊತ್ತಿಗೆ ಇಳಿಯುತ್ತಿತ್ತು. ರೋಗಕ್ಕೆ ಏಳು ಗಂಟೆಯ ಗಡಿಯಾರವಿರುವುದಿಲ್ಲ. ನಾವು ನೀರನ್ನು ಕಡಿಮೆ ಮಾಡದೆ, ಹೊರಗೆ ಕರೆದೊಯ್ಯುವುದನ್ನು ಎರಡು ಗಂಟೆಗೊಮ್ಮೆಗೆ ಏರಿಸಿದೆವು. ಎರಡನೆಯ ವಾರದ ಕೊನೆಗೆ ಕಾಲುಗಳು ಮರಳಿ ಬಂದವು. ಮೂರು ವಾರಕ್ಕೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಔಷಧದ ಮಟ್ಟ ಬೇಕಾದಷ್ಟಿತ್ತು, ಯಕೃತ್ತಿನ ಅಂಕಿಗಳೂ ನೆಟ್ಟಗಿದ್ದವು. ಹಸಿವು ಮಾತ್ರ ಹಾಗೆಯೇ ಉಳಿದಿದೆ. ಹಿಂಭಾಗದ ದುರ್ಬಲ ಕಾಲುಗಳ ಮೇಲೆ ಒಂದು ಕಿಲೋ ಹೆಚ್ಚು ಹೊರಿಸುವುದೂ ಅನ್ಯಾಯವಾದ್ದರಿಂದ ಅವಳ ಕಣ್ಣೋಟಕ್ಕೆ ಕಲ್ಲಾಗುವುದನ್ನು ಎಲ್ಲರೂ ಕಲಿಯಬೇಕಾಯಿತು.

ಮನೆಗೆ ಬರುವವರ ವಿಷಯ ಸ್ವಲ್ಪ ಹೇಳಬೇಕು. ಚುಕ್ಕಿಯನ್ನು ನೋಡಿದವರು ಮೊದಲು ‘ಅಯ್ಯೋ’ ಎನ್ನುತ್ತಾರೆ, ಆಮೇಲೆ ಬಗ್ಗಿ ತಲೆ ಸವರಲು ಬರುತ್ತಾರೆ. ಸಮತೋಲ ಅಷ್ಟಕ್ಕಷ್ಟೇ ಇರುವ ನಾಯಿಗೆ ಮೇಲಿನಿಂದ ಇಳಿಯುವ ಕೈ ಬೆದರಿಕೆಯಾಗಿ ಕಾಣುತ್ತದೆ. ತಲೆ ಎತ್ತಿ ನೋಡಲು ಹೋದರೆ ಹಿಂಭಾಗ ಕುಸಿಯುತ್ತದೆ. ಕುಳಿತುಕೊಂಡು, ಪಕ್ಕಕ್ಕೆ ತಿರುಗಿ, ಕೈ ಕೆಳಗಿಟ್ಟು ಕಾಯಿರಿ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಮಲಗಿರುವಾಗ ಮುಟ್ಟಬಾರದು ಎಂಬುದನ್ನು ಮಾತ್ರ ಮುಲಾಜಿಲ್ಲದೆ ಹೇಳುತ್ತೇನೆ. ಇಂಥ ನಾಯಿ ಬದುಕುವುದೇ ಹಿಂಸೆಯಲ್ಲವೇ ಎಂದು ಕೇಳುವವರೂ ಇದ್ದಾರೆ, ಕೇಳುವುದರಲ್ಲಿ ತಪ್ಪಿಲ್ಲ, ಮೊದಲ ರಾತ್ರಿ ನಾನೂ ಅದನ್ನೇ ಕೇಳಿಕೊಂಡಿದ್ದೆ. ಅದುರು ನೋಡುವವರಿಗೆ ಕಾಣುವಷ್ಟು ನೋವಿನದಲ್ಲ, ಆದರೆ ದಣಿವಿನದು ಎಂದು ವೈದ್ಯರು ಹೇಳಿದ್ದಾರೆ. ಅದನ್ನು ಪೂರ್ಣವಾಗಿ ನಿಲ್ಲಿಸುವ ಭರವಸೆಯ ಔಷಧವಿಲ್ಲ.

ದಣಿವಿನ ಆ ಮಾತು ನಡಿಗೆಯ ಲೆಕ್ಕವನ್ನು ಬದಲಿಸಿತು. ಮೊದಲೆಲ್ಲ ಸ್ನಾಯು ಬೆಳೆಯಲಿ ಎಂಬ ಆಸೆಯಿಂದ ಅರ್ಧ ಗಂಟೆ ನಡೆಸುತ್ತಿದ್ದೆ, ಮರಳುವಾಗ ಎಡಪಾದ ಎಳೆದು ಎಳೆದು ಉಗುರಿನ ಬುಡದಲ್ಲಿ ರಕ್ತ ಕಾಣುತ್ತಿತ್ತು. ಈಗ ಎಂಟು ನಿಮಿಷದ ನಡಿಗೆ, ದಿನಕ್ಕೆ ನಾಲ್ಕು ಸಲ, ಹುಲ್ಲಿನ ಮೇಲೆ. ಹುಲ್ಲು ಪಾದಕ್ಕೆ ಹಿಡಿತವನ್ನೂ ಕೊಡುತ್ತದೆ, ಪ್ರತಿ ಹೆಜ್ಜೆಯಲ್ಲೂ ಎಳೆಗಳು ತಾಗಿ ಸುದ್ದಿಯನ್ನೂ ಕೊಡುತ್ತದೆ. ಜೊತೆಗೆ ನಾಲ್ಕು ಕೋಲುಗಳನ್ನು ನೆಲದ ಮೇಲೆ ಒಂದೊಂದು ಅಡಿ ದೂರದಲ್ಲಿ ಮಲಗಿಸಿ, ನಿಧಾನವಾಗಿ ದಾಟಿಸುವ ವ್ಯಾಯಾಮ. ಕೋಲೆಂದರೆ ಹೆದರುವವಳಿಗೆ ಕೋಲು ದಾಟಿಸುವುದು ಹೇಗೆ ಎಂಬ ಸಮಸ್ಯೆಗೆ ಮಗಳು ಹಳೆಯ ಟವೆಲ್‌ಗಳನ್ನು ಸುರುಳಿ ಸುತ್ತಿ ಪರಿಹಾರ ಕಂಡಳು. ವೇಗವಾಗಿ ದಾಟಿದರೆ ಅವಳು ಹಾರಿಬಿಡುತ್ತಾಳೆ, ಹಾರಿದರೆ ಪ್ರಯೋಜನವಿಲ್ಲ. ಒಂದೊಂದೇ ಕಾಲನ್ನು ಯೋಚಿಸಿ ಎತ್ತಿಡುವಷ್ಟು ನಿಧಾನವಾಗಬೇಕು. ಎರಡು ತಿಂಗಳಲ್ಲಿ ಬಲಗಾಲಿನ ತಡವರಿಕೆ ಹೆಚ್ಚುಕಡಿಮೆ ಹೋಗಿದೆ. ಎಡಗಾಲು ಹತ್ತರಲ್ಲಿ ಆರು ಸಲ ಸರಿಯಾಗಿ ಊರುತ್ತದೆ ಎಂದು ಪುಸ್ತಕ ಹೇಳುತ್ತದೆ.

ಐದು ತಿಂಗಳ ಲೆಕ್ಕದಲ್ಲಿ ಇಡೀ ಮೈಯ ಮೂರ್ಛೆಗಳು ಮೂರು, ದವಡೆಯವು ಒಂಬತ್ತು, ಕೊನೆಯದು ಬಂದು ಏಳು ವಾರಗಳಾಗಿವೆ. ಡಿಸ್ಟೆಂಪರ್ ಬಿಟ್ಟುಹೋಗುವ ಮೂರ್ಛೆಗಳು ಔಷಧಕ್ಕೆ ಎಲ್ಲ ಸಲವೂ ಬಗ್ಗುವುದಿಲ್ಲ, ಬೇಕಾದರೆ ಲೆವೆಟಿರಾಸೆಟಮ್ ಎಂಬ ಇನ್ನೊಂದು ಮೂರ್ಛೆಯ ಔಷಧವನ್ನೂ ಸೇರಿಸಬೇಕಾದೀತು ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದಾರೆ. ಯಕೃತ್ತಿನ ಮುಂದಿನ ಪರೀಕ್ಷೆ ಬರುವ ತಿಂಗಳು.

ಮೊನ್ನೆ ಮಧ್ಯಾಹ್ನ ಓದುತ್ತಾ ಕುಳಿತಿದ್ದಾಗ ಕಣ್ಣಂಚಿನಲ್ಲಿ ಚುಕ್ಕಿಯ ದವಡೆ ಆಡುವುದು ಕಂಡಿತು. ಬೇಗ ಬೇಗ, ಅದೇ ಲಯ, ಬಾಯಂಚಿನಲ್ಲಿ ಜೊಲ್ಲು. ಎದೆ ಧಸಕ್ಕೆಂದಿತು. ಒಂದು ಕೈಯಲ್ಲಿ ಮೊಬೈಲಿನ ಕ್ಯಾಮೆರಾ ತೆರೆದು, ಗಡಿಯಾರ ನೋಡಿ, “ಚುಕ್ಕೀ” ಎಂದೆ. ದವಡೆ ನಿಂತಿತು. ಅವಳು ಕಿವಿ ಹಿಂದಕ್ಕೆ ಮಾಡಿ, ಕಣ್ಣನ್ನು ಮಾತ್ರ ನನ್ನ ಕಡೆ ತಿರುಗಿಸಿ ನೋಡಿದಳು. ನಾನು ಪುಸ್ತಕಕ್ಕೆ ಕಣ್ಣು ಮರಳಿಸಿದಂತೆ ನಟಿಸಿದೆ. ಎರಡು ಕ್ಷಣ ಕಾದು, ಮತ್ತೆ ಶುರುವಾಯಿತು. ಹತ್ತಿರ ಹೋಗಿ ನೋಡಿದರೆ ಹಿಂಬಾಗಿಲ ಬಳಿಯ ರಬ್ಬರ್ ಚಾಪೆಯ ಹಲ್ಲುಗಳಲ್ಲಿ ನಾಲ್ಕು ಮಾಯವಾಗಿದ್ದವು, ಐದನೆಯದು ಅವಳ ಬಾಯಿಯಲ್ಲಿತ್ತು. ಪುಸ್ತಕದಲ್ಲಿ ಅದನ್ನು ಪೆನ್ನಿನಲ್ಲಿ ಬರೆದು, ಪಕ್ಕದ ಕಾಲಮ್ಮಿನಲ್ಲಿ, ಪೆನ್ಸಿಲನ್ನು ಹುಡುಕದೆ ಪೆನ್ನಿನಲ್ಲಿಯೇ, ‘ಚುಕ್ಕಿ’ ಎಂದು ಬರೆದೆ.